ಕಟ್ಟಿ ಹುಡುಕಿದ ಹೆಸರು

ನಿಖರಪದ ಸಮಿತಿಗೆ ತನ್ನನ್ನು ನೇಮಿಸಿದ ಪತ್ರ ಬಂದ ದಿನ ಇಂದುಮತಿ ಕಮತಗಿ ಅದರಲ್ಲಿದ್ದ ಐದು ಹೆಸರುಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದತೊಡಗಿದಳು. ಕೊನೆಯ ಹೆಸರಿನಲ್ಲೇ ಕಣ್ಣು ನಿಂತುಬಿಟ್ಟಿತು. ಋತುಪರ್ಣ ಗಲಗಲಿ, ಮುಖ್ಯ ತಂತ್ರಜ್ಞ, ಭಾವಾರ್ಥ ಶೋಧಸಂಸ್ಥೆ. ಈ ಮನುಷ್ಯನ ಎದುರು ಒಂದು ಮೇಜಿನ ಅಂತರದಲ್ಲಿ ಕೂರುವ ದಿನಕ್ಕಾಗಿ ಅವಳು ಎಂಟು ವರ್ಷ ಕಾದಿದ್ದಳು.

ಇಂದುಮತಿ ಧಾರವಾಡದ ಒಂದು ಲಿಪಿ ಪ್ರಯೋಗಾಲಯದಲ್ಲಿದ್ದಳು. ಒಂದೊಂದು ಅಕ್ಷರ, ಒಂದೊಂದು ಚಿಹ್ನೆ ಕಂಪ್ಯೂಟರಿನೊಳಗೆ ಯಾವ ಅಂಕಿಯಾಗಿ ಕೂತಿರುತ್ತದೆ, ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವಾಗ ಯಾವುದು ಉಳಿಯುತ್ತದೆ, ಯಾವುದು ಅಳಿಸಿಹೋಗುತ್ತದೆ ಎಂದು ನೋಡುವುದು ಅವಳ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವಳು. ಚಿಹ್ನೆಯೊಂದನ್ನು ಆರಿಸಲು ಸಮಿತಿ ಮಾಡುವಾಗ ಅವಳನ್ನು ಬಿಡುವಂತೆಯೇ ಇರಲಿಲ್ಲ.

ಸಮಿತಿ ಯಾಕೆ ಬೇಕಾಯಿತು ಎಂದರೆ, ಹಿಂದೆಲ್ಲ ಜಾಲದಲ್ಲಿ ಒಂದು ಪದವನ್ನು ಇದ್ದದ್ದು ಇದ್ದ ಹಾಗೇ ಹುಡುಕಬೇಕಾದರೆ ಅದರ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದರೆ ಸಾಕಿತ್ತು. ಭಾವಾರ್ಥ ಎಂಬ ಹುಡುಕುವ ಯಂತ್ರ ಬಂದ ಮೇಲೆ ಅದು ನಿಂತಿತು. ‘ನೀವು ಬರೆದದ್ದನ್ನಲ್ಲ, ನಿಮ್ಮ ಮನಸ್ಸಿನಲ್ಲಿರುವುದನ್ನು ಹುಡುಕುತ್ತೇವೆ’ ಎಂಬುದು ಅವರ ಜಾಹೀರಾತು. ಭಾವಾರ್ಥದ ಒಳಗೆ ಪದಗಳಿಗೆಲ್ಲ ಒಂದು ದೊಡ್ಡ ನಕ್ಷೆಯಿತ್ತು. ಒಂದೇ ಬಗೆಯ ಮಾತಿನಲ್ಲಿ ಬಳಕೆಯಾಗುವ ಪದಗಳು ಆ ನಕ್ಷೆಯಲ್ಲಿ ಅಕ್ಕಪಕ್ಕ ಇರುತ್ತಿದ್ದವು. ನೀವು ಬರೆದ ಪದ ಅಪರೂಪದ್ದಾಗಿದ್ದು ಅದರ ಪಕ್ಕದಲ್ಲಿ ಹೆಸರುವಾಸಿ ಪದವೊಂದು ಇದ್ದರೆ, ಯಂತ್ರ ನಿಮಗೆ ಬೇಕಾದದ್ದು ಆ ಹೆಸರುವಾಸಿಯೇ ಎಂದು ತೀರ್ಮಾನಿಸಿ ಅದರ ಉತ್ತರವನ್ನು ಕೊಡುತ್ತಿತ್ತು. ಪದ ಬದಲಿಸಿದ್ದೇನೆ ಎಂದು ಹೇಳುತ್ತಲೂ ಇರಲಿಲ್ಲ.

ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಜನ ಒಗ್ಗಿಕೊಂಡರು. ಗುರೆಳ್ಳು, ಅಂದರೆ ಹುಚ್ಚೆಳ್ಳು, ಎಂದು ಹುಡುಕಿದರೆ ಬರೀ ಎಳ್ಳೇ ಬರುತ್ತದೆಂದು ಅಂಗಡಿಯವರು ಬೋರ್ಡಿನಲ್ಲಿ ‘ಕರಿ ಎಳ್ಳು’ ಎಂದು ಬರೆಸಿಕೊಂಡರು. ಅಪರೂಪದ ಹೆಸರಿಟ್ಟರೆ ಮಗು ನಾಳೆ ಯಾರಿಗೂ ಸಿಗುವುದಿಲ್ಲವೆಂದು ತಾಯಂದಿರು ಎಲ್ಲರಿಗೂ ಇರುವ ಹೆಸರನ್ನೇ ಇಡತೊಡಗಿದರು. ಹತ್ತು ವರ್ಷದಲ್ಲಿ ಎಷ್ಟು ಪದಗಳು ಪಕ್ಕದ ಪದದೊಳಗೆ ಕರಗಿದವೋ ಯಾರೂ ಎಣಿಸಲಿಲ್ಲ. ಕೊನೆಗೆ ವಕೀಲರ ಸಂಘವೊಂದು ಮೊಕದ್ದಮೆ ಹೂಡಿತು. ಬರೆದ ಪದವನ್ನೇ ಹುಡುಕಿಸಿಕೊಳ್ಳುವ ಹಕ್ಕು ಜನರಿಗೆ ಇರಬೇಕು, ಅದಕ್ಕೊಂದು ಚಿಹ್ನೆಯನ್ನು ಗೊತ್ತುಮಾಡಿ ಎಂದು ಹೈಕೋರ್ಟು ಹೇಳಿತು. ಕನ್ನಡದ ಮಟ್ಟಿಗೆ ಆ ಕೆಲಸ ಈ ಐದು ಜನರದು.

ಆ ಸಂಜೆ ಇಂದುಮತಿ ಮನೆಗೆ ಹೋದಾಗ ಅಕ್ಕ ಕಸ್ತೂರಿ ಅಡುಗೆಮನೆಯ ಮೇಜಿನ ಮೇಲೆ ವಹಿ ಹರಡಿಕೊಂಡು ಭಜನೆಯ ಹಾಡುಗಳನ್ನು ನಕಲು ಮಾಡುತ್ತಿದ್ದಳು. ಓಣಿಯ ಹೆಂಗಸರ ಮಂಡಳಿಗೆ ಹಾಡು ಬರೆದುಕೊಡುವುದೊಂದೇ ಈಗ ಅವಳ ಹೊರಗಿನ ಸಂಬಂಧ.

“ಅಕ್ಕಾ, ಗಲಗಲಿ ಅದಾನ ಸಮಿತಿಯೊಳಗ.”

ಕಸ್ತೂರಿಯ ಪೆನ್ನು ನಿಂತಿತು. ಆಮೇಲೆ ಮತ್ತೆ ಓಡಿತು. “ಇರ್ಲಿ ಬಿಡು. ನಿನ್ನ ಕೆಲಸ ನೀ ಮಾಡು.”

“ನನ್ನ ಕೆಲಸನ ಅದು.”

“ಇಂದೂ, ಅದನ್ನೆಲ್ಲಾ ಕೆದಕಬ್ಯಾಡವಾ. ಹೋಗಿದ್ದು ಹೋತು.”

ಹೋದದ್ದು ಕಡಿಮೆಯದಲ್ಲ. ಎಂಟು ವರ್ಷದ ಹಿಂದೆ ಕಸ್ತೂರಿ ಮಲಪ್ರಭೆಯ ಆಚೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಔಷಧಿ ಕೊಡುವವಳಾಗಿದ್ದಳು. ಏಳು ತಿಂಗಳ ಬಸುರಿ ಫಕೀರವ್ವ ಎಂಬಾಕೆಗೆ ರಕ್ತದೊತ್ತಡ ಏರಿ ವೈದ್ಯರು ತೆಲ್ವಾಡಿನ್ ಎಂಬ ಔಷಧಿ ಬರೆದರು. ಅಪರೂಪದ ಔಷಧಿ. ಪ್ರಮಾಣ ಎಷ್ಟೆಂದು ಕಸ್ತೂರಿ ಭಾವಾರ್ಥದಲ್ಲಿ ಹುಡುಕಿದಳು. ಆಗ ಆಸ್ಪತ್ರೆಗಳಿಗೆಲ್ಲ ಅದೇ ಆಧಾರ. ಯಂತ್ರ ಆ ಹೆಸರನ್ನು ತೆಲ್ವಾಡಾನ್ ಎಂದು ತಿಳಿದುಕೊಂಡು, ಆ ಸಾಮಾನ್ಯ ಔಷಧಿಯ ಪ್ರಮಾಣವನ್ನು ಇವಳು ಕೇಳಿದ ಹೆಸರಿನ ಕೆಳಗೇ ತೋರಿಸಿತು. ತೆಲ್ವಾಡಿನ್ ಕೊಡಬೇಕಾದ್ದಕ್ಕಿಂತ ಅದು ಹತ್ತು ಪಟ್ಟು ಹೆಚ್ಚು. ಫಕೀರವ್ವ ಸಂಜೆಯೊಳಗೆ ತೀರಿಕೊಂಡಳು. ಹೊಟ್ಟೆಯಲ್ಲಿದ್ದ ಮಗುವೂ ಉಳಿಯಲಿಲ್ಲ.

ನ್ಯಾಯಾಲಯದಲ್ಲಿ ಸಂಸ್ಥೆಯ ಪರವಾಗಿ ಸಾಕ್ಷಿ ಹೇಳಿದವನು ಗಲಗಲಿ. ದಾಖಲೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಿ, “ಆಕೆ ಬರೆದದ್ದೇ ತೆಲ್ವಾಡಾನ್. ಯಂತ್ರ ಕೇಳಿದ್ದನ್ನು ಕೊಟ್ಟಿದೆ” ಎಂದಿದ್ದ. “ನಾ ಬರೋಬರಿ ಬರದಿದ್ನಿ. ಇಂಥಾದ್ದು ಆಗ್ತೈತಿ ಅಂತ ಮೊದಲ ಕಂಪನಿಗೆ ಪತ್ರಾನೂ ಹಾಕಿದ್ನಿ” ಎಂದು ಕಸ್ತೂರಿ ಅತ್ತಳು. ಅಂಥ ಪತ್ರ ಯಾರಿಗೂ ಸಿಗಲಿಲ್ಲ. ಸಂಸ್ಥೆ ನ್ಯಾಯಾಲಯಕ್ಕೆ ಒಪ್ಪಿಸಿದ ನಾಲ್ಕು ಕೋಟಿ ಕಡತಗಳನ್ನು ಹುಡುಕಲು ಇದ್ದ ದಾರಿಯೂ ಭಾವಾರ್ಥವೇ. ತೆಲ್ವಾಡಿನ್ ಎಂದು ಕೇಳಿದರೆ ಅದು ಲಕ್ಷಗಟ್ಟಲೆ ತೆಲ್ವಾಡಾನ್ ತಂದು ಸುರಿಯುತ್ತಿತ್ತು. ಕಸ್ತೂರಿಗೆ ಎರಡು ವರ್ಷ ಸಜೆಯಾಯಿತು, ಪರವಾನಗಿ ರದ್ದಾಯಿತು. ಗಂಡನ ಮನೆಯವರು ಜೈಲಿನ ಬಾಗಿಲಿಗೂ ಬರಲಿಲ್ಲ. ತೀರ್ಪಿನ ದಿನ ಫಕೀರವ್ವನ ಗಂಡ ದ್ಯಾಮಣ್ಣ ನ್ಯಾಯಾಲಯದ ಮೆಟ್ಟಿಲ ಮೇಲೆ ಕಸ್ತೂರಿಯ ಕೆನ್ನೆಗೆ ಹೊಡೆದ. ಪಕ್ಕದಲ್ಲಿದ್ದ ಇಂದುಮತಿ ಅವನನ್ನು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಮೆಟ್ಟಿಲಿಳಿದು, ಕನ್ನಡಕ ಒರೆಸಿಕೊಂಡು, ಕಾರು ಹತ್ತುತ್ತಿದ್ದ ಗಲಗಲಿಯನ್ನು.

ಸಮಿತಿ ಸೇರಿದ್ದು ಹುಬ್ಬಳ್ಳಿಯಲ್ಲಿ, ಭಾವಾರ್ಥದ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯ ತುಂಬ ಪರದೆ. ನಾಡಿನ ಜನ ಆ ಗಳಿಗೆಯಲ್ಲಿ ಹುಡುಕುತ್ತಿದ್ದ ಪದಗಳು ಅದರ ಮೇಲೆ ಸಣ್ಣ ಚುಕ್ಕಿಗಳಾಗಿ ಹೊತ್ತಿ, ದೊಡ್ಡ ಚುಕ್ಕಿಗಳ ಕಡೆಗೆ ಜಾರಿ ಅವುಗಳೊಳಗೆ ಸೇರಿಹೋಗುತ್ತಿದ್ದವು. ಅಧ್ಯಕ್ಷೆ ನಿವೃತ್ತ ನ್ಯಾಯಮೂರ್ತಿ ಶಕುಂತಲಾ ಹಂಜಿ. ಇನ್ನಿಬ್ಬರಲ್ಲಿ ಒಬ್ಬರು ಶಾಲಾ ಇಲಾಖೆಯವರು, ಇನ್ನೊಬ್ಬರು ಗ್ರಂಥಾಲಯದವರು. ಗಲಗಲಿಗೆ ಈಗ ಅರವತ್ತರ ಹತ್ತಿರ. ಅವನು ಇಂದುಮತಿಗೆ ಕೈಮುಗಿದು, “ನಿಮ್ಮ ಬಗ್ಗೆ ಹುಡುಕಿ ನೋಡಿದೆ. ಬಾದಾಮಿಯ ಕಡೆ ಹಾಡತೀರಂತಲ್ಲ?” ಎಂದು ನಕ್ಕ. ಇಂದುಮತಿ ಎಂಬ ಹಾಡುಗಾರ್ತಿಯೊಬ್ಬಳು ಅಲ್ಲಿದ್ದಳು. ಯಂತ್ರ ಇವಳನ್ನು ಅವಳೊಳಗೆ ಕರಗಿಸಿತ್ತು. ಕಸ್ತೂರಿಯ ಗಂಡನ ಮನೆಯ ಅಡ್ಡಹೆಸರು ಬೇರೆ. ಇವಳು ಯಾರ ತಂಗಿ ಎಂದು ಅವನಿಗೆ ತಿಳಿಯಲು ದಾರಿಯಿರಲಿಲ್ಲ.

“ಸ್ವಲ್ಪ ಹಾಡತೀನ್ರಿ” ಎಂದಳು ಇಂದುಮತಿ.

ಮೊದಲ ಸಲಹೆ ಗಲಗಲಿಯದೇ. “ಹಳೇ ಉದ್ಧರಣ ಚಿಹ್ನೇನೇ ಇಟ್ಟರಾತು. ಜನರಿಗೆ ಗೊತ್ತಿರೋದೇ. ಇವತ್ತೇ ಸಹಿ ಮಾಡಿ ಊಟಕ್ಕ ಹೋಗಬಹುದು.”

ಎಲ್ಲರೂ ತಲೆಯಾಡಿಸಿದರು. ಇಂದುಮತಿ ತನ್ನ ಚೀಲದಿಂದ ಹನ್ನೆರಡು ಫೋನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹೊಸದು, ಹಳೆಯದು, ಗಾಜು ಒಡೆದದ್ದು. “ಒಂದೊಂದರಾಗೂ ಗುರೆಳ್ಳು ಅಂತ ಉದ್ಧರಣ ಚಿಹ್ನೆಯೊಳಗ ಬರೀರಿ. ಗಲಗಲಿಯವರ, ಪರೀಕ್ಷೆಗಂತ ನಿಮ್ಮ ಯಂತ್ರಕ್ಕ ಆ ಚಿಹ್ನೆ ಹೇಳಿಕೊಡ್ರಿ.”

ಬರೆದರು. ಒಂದು ಫೋನಿನಲ್ಲಿ ಮಾತ್ರ ಗುರೆಳ್ಳು ಬಂತು. ಹನ್ನೊಂದರಲ್ಲಿ ಎಳ್ಳು.

“ನೋಡಾಕ ಎಲ್ಲಾ ಒಂದ ಥರಾ ಕಾಣ್ತಾವ” ಎಂದಳು ಇಂದುಮತಿ. “ಆದರ ಯಂತ್ರದ ಲೆಕ್ಕದಾಗ ನೆಟ್ಟಗಿರೋ ಚಿಹ್ನೆ ಬ್ಯಾರೆ, ಎಡಕ್ಕ ಬಾಗಿದ್ದು ಬ್ಯಾರೆ, ಬಲಕ್ಕ ಬಾಗಿದ್ದು ಬ್ಯಾರೆ. ನೀವು ನೆಟ್ಟಗಿದ್ದಿದ್ದು ಒತ್ತಿದ್ರೂ ಫೋನು ಚಂದ ಕಾಣಲಿ ಅಂತ ತಾನಾಗಿ ಬಾಗಿಸ್ತೈತಿ. ಗಲಗಲಿಯವರ ಯಂತ್ರ ನೆಟ್ಟಗಿದ್ದಿದ್ದನ್ನ ಅಷ್ಟೇ ಒಪ್ಪತೈತಿ. ಉಳಿದಿದ್ದು ಕಸ ಅಂತ ಗುಡಿಸಿ ಹಾಕತೈತಿ. ಹಕ್ಕು ಕೊಟ್ಟಂಗೂ ಆತು, ಯಾರಿಗೂ ಸಿಗದಂಗೂ ಆತು.”

ಹಂಜಿಯವರು ಗಲಗಲಿಯ ಕಡೆ ತಿರುಗಿದರು. ಅವನು ಮತ್ತೆ ನಕ್ಕ. ಆದರೆ ಈ ಸಲ ಇಂದುಮತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

ಎರಡು ವಾರ ಪರೀಕ್ಷೆ ನಡೆಯಿತು. ಕೂಡಿಸುವ ಚಿಹ್ನೆ ಹಾಕಿ ನೋಡಿದರು. ಜಾಲದ ವಿಳಾಸದಲ್ಲಿ ಅದು ಖಾಲಿ ಜಾಗವೆಂದು ಓದಿಕೊಳ್ಳುತ್ತಿತ್ತು. ಹ್ಯಾಶ್ ಹಾಕಿದರೆ ಅದರ ಮುಂದಿನದೆಲ್ಲ ಫೋನಿನಲ್ಲೇ ಕತ್ತರಿಸಿ ಉಳಿದುಬಿಡುತ್ತಿತ್ತು, ಯಂತ್ರದವರೆಗೆ ತಲುಪುತ್ತಲೇ ಇರಲಿಲ್ಲ. ನಕ್ಷತ್ರಕ್ಕೆ ‘ಏನಾದರೂ ಇರಲಿ’ ಎಂಬ ಹಳೆಯ ಅರ್ಥವೊಂದು ಅಂಟಿಕೊಂಡಿತ್ತು, ಬೇಕಾದದ್ದಕ್ಕೆ ತೀರ ತದ್ವಿರುದ್ಧ. ಆಶ್ಚರ್ಯಸೂಚಕ ಹಾಕಿದರೆ ಬಳಸುವವರು ಸಿಟ್ಟಿನಲ್ಲಿದ್ದಾರೆಂದು ಯಂತ್ರ ಇನ್ನಷ್ಟು ಮೆತ್ತಗಿನ ಉತ್ತರಗಳನ್ನು ತರುತ್ತಿತ್ತು. ಅಂತೂ ಪದದ ಪಕ್ಕ ನಿಂತ ಯಾವ ಚಿಹ್ನೆಯೂ ಒಳಗೆ ಹೋಗುವಷ್ಟರಲ್ಲಿ ಉಳಿಯುತ್ತಿರಲಿಲ್ಲ. ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಗುಡಿಸುವ ತಂತ್ರಾಂಶ ಪ್ರತಿಯೊಂದು ಫೋನಿನಲ್ಲಿ, ದಾರಿಯುದ್ದಕ್ಕೂ ಪ್ರತಿಯೊಂದು ಯಂತ್ರದಲ್ಲಿ ಕೂತಿತ್ತು.

“ಮೇಡಂ, ನೀವು ಭಾಳ ಹಠದವರು” ಎಂದ ಗಲಗಲಿ ಒಂದು ಮಧ್ಯಾಹ್ನ, ಚಹಾದ ಕಪ್ಪು ಹಿಡಿದುಕೊಂಡು. “ಒಂದು ಅಕ್ಷರ ಆಚೀಚೆ ಆದರ ಜಗತ್ತೇನು ಮುಳಗತದ? ಜನರಿಗೆ ಬೇಕಾದ್ದು ಸಮಾಧಾನ. ನಿಖರ ಅಲ್ಲ.”

ಇಂದುಮತಿಯ ಕೈಯಲ್ಲಿಯೂ ಬಿಸಿ ಕಪ್ಪಿತ್ತು. ಅದನ್ನು ಅವನ ಮುಖದ ಮೇಲೆ ಎರಚಿದರೆ ಹೇಗಿರುತ್ತದೆಂದು ಅವಳು ಒಂದು ಗಳಿಗೆ ಸವಿಸ್ತಾರವಾಗಿ ಕಲ್ಪಿಸಿಕೊಂಡಳು. ಆಮೇಲೆ ಕುಡಿದು ಮುಗಿಸಿದಳು. ಅಷ್ಟು ಸಣ್ಣದು ಅವಳಿಗೆ ಸಾಲುತ್ತಿರಲಿಲ್ಲ.

ದಾರಿ ತೋರಿದ್ದು ಅಕ್ಕನ ವಹಿ. ಭಾನುವಾರ ಕಸ್ತೂರಿ ಕಾಯಿಪಲ್ಲೆ ಸೋಸುತ್ತ, “ಅದನ್ನೊಮ್ಮೆ ಓದಿ ನೋಡವಾ, ಎಲ್ಲೆರ ತಪ್ಪಿದ್ರ ತಿದ್ದು” ಎಂದು ಹಾಡಿನ ಪುಟ ಮುಂದೆ ನೂಕಿದಳು. ‘ಬಾಽ ತಾಯೇಽ’ ಎಂದು ಬರೆದಿದ್ದಳು. ದನಿ ಎಳೆಯಬೇಕಾದಲ್ಲೆಲ್ಲ ಒಂದು ಸಣ್ಣ ಕೊಕ್ಕೆ.

ಇಂದುಮತಿಯ ಬೆರಳು ಆ ಕೊಕ್ಕೆಯ ಮೇಲೆ ನಿಂತಿತು. ಅವಗ್ರಹ. ಅದಕ್ಕೆ ಸ್ವಂತ ಉಚ್ಚಾರವಿಲ್ಲ. ನೋಡುವವರಿಗೆ ಅದು ಚಿಹ್ನೆ. ಆದರೆ ಅಕ್ಷರಗಳಿಗೆ ಅಂಕಿ ಹಂಚಿದ ಹಳಬರು ಅದನ್ನು ಚಿಹ್ನೆಗಳ ಗುಂಪಿಗೆ ಹಾಕದೆ ಅಕ್ಷರಗಳ ಗುಂಪಿಗೇ ಸೇರಿಸಿದ್ದರು. ಗುಡಿಸುವ ತಂತ್ರಾಂಶ ಅದನ್ನು ಮುಟ್ಟುವುದಿಲ್ಲ. ಮೇಲಾಗಿ, ಕನ್ನಡದ ಯಾವ ಪದವೂ ಅದರಿಂದ ಶುರುವಾಗುವುದಿಲ್ಲ.

“ಯಾಕ, ತಪ್ಪಾಗೇತೇನು?” ಎಂದಳು ಕಸ್ತೂರಿ.

“ಇಲ್ಲಕ್ಕಾ. ಬರೋಬರಿ ಐತಿ.”

ಸೋಮವಾರ ಹನ್ನೆರಡೂ ಫೋನುಗಳಲ್ಲಿ ಪದದ ಹಿಂದೊಂದು ಮುಂದೊಂದು ಅವಗ್ರಹ ಹಾಕಿ ಬರೆದರು. ಹನ್ನೆರಡರಲ್ಲೂ ಗುರೆಳ್ಳು ಬಂತು. ಗೋಡೆಯ ಪರದೆಯ ಮೇಲೆ ಆ ಚುಕ್ಕಿ ಹೊತ್ತಿ, ಎಲ್ಲಿಗೂ ಜಾರದೆ, ಇದ್ದಲ್ಲೇ ನಿಂತಿತು. ಗ್ರಂಥಾಲಯದವರು ಚಪ್ಪಾಳೆ ತಟ್ಟಿದರು.

“ಇದು ಯಾರಿಗೆ ಗೊತ್ತದ? ಹಳೇ ಸಂಸ್ಕೃತ ಪುಸ್ತಕದ್ದು” ಎಂದ ಗಲಗಲಿ. ಅವನ ದನಿ ಮೊದಲ ಸಲ ಏರಿತ್ತು.

“ಭಜನಿ ಹಾಡವರಿಗೆಲ್ಲಾ ಗೊತ್ತೈತ್ರಿ. ಎಲ್ಲಾ ಕನ್ನಡ ಕೀಲಿಮಣೆಯೊಳಗೂ ಮೂಲ್ಯಾಗ ಕುಂತೈತಿ. ಬರಿಯಾಕ ಬರದವರು ‘ಕಟ್ಟಿ ಹುಡುಕು’ ಅಂದ್ರ ಸಾಕು, ಫೋನ ತಾನ ಎರಡೂ ಕಡೆ ಅವಗ್ರಹ ಹಾಕಿ ಪದಾನ ಕಟ್ಟಲಿ.”

ಎರಡರ ವಿರುದ್ಧ ಮೂರು ಮತಗಳಿಂದ ಅವಗ್ರಹ ಗೆದ್ದಿತು. ಶಾಲಾ ಇಲಾಖೆಯವರು ಗಲಗಲಿಯ ಕಡೆ ಕೈಯೆತ್ತಿದರು. ಒಂದು ತಿಂಗಳಲ್ಲಿ ಅದು ನಾಡಿಗೆಲ್ಲ ಜಾರಿಯಾಯಿತು. ‘ಕಟ್ಟಿ ಹುಡುಕು’ ಎಂಬುದು ಬೀದಿಯ ಮಾತಾಯಿತು. ಅಂಗಡಿಯವರು ಬೋರ್ಡಿನ ಮೇಲಿನ ಕರಿ ಎಳ್ಳನ್ನು ಅಳಿಸಿ ಗುರೆಳ್ಳು ಬರೆಸಿದರು.

ಜಾರಿಯಾದ ಬೆಳಿಗ್ಗೆ ಇಂದುಮತಿ ರಜೆ ಹಾಕಿ ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಕೂತಳು. ನಾಲ್ಕು ಕೋಟಿ ಕಡತಗಳ ಎದುರು ಒಂದು ಖಾಲಿ ಪಟ್ಟಿ. ಬರೆದಳು: ಽತೆಲ್ವಾಡಿನ್ಽ.

ಹನ್ನೊಂದು ಉತ್ತರ ಬಂದವು.

ಒಂದು, ಎಂಟು ವರ್ಷದ ಹಿಂದೆ ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಆ ಸಣ್ಣ ಆಸ್ಪತ್ರೆಯಿಂದ ಬಂದ ಹುಡುಕಾಟ. ಅಕ್ಕ ಬರೆದಿದ್ದ ಹಾಗೆಯೇ, ತಿದ್ದುವ ಮೊದಲಿನದು. ಗಲಗಲಿ ನ್ಯಾಯಾಲಯದಲ್ಲಿ ತೋರಿಸಿದ್ದು ಯಂತ್ರ ತಿದ್ದಿದ ಮೇಲಿನದು. ಇನ್ನೊಂದು, ಸಾವಿಗೆ ಇಪ್ಪತ್ತಮೂರು ದಿನ ಮೊದಲು ಕಸ್ತೂರಿ ಹಾಕಿದ ಪತ್ರ: ಈ ಎರಡು ಹೆಸರು ಒಂದೇ ಅಲ್ಲ, ದಯವಿಟ್ಟು ಬೇರೆ ಮಾಡಿ, ಯಾರಾದರೂ ಸಾಯುತ್ತಾರೆ. ಅಂಥದೇ ಪತ್ರ ಬೇರೆ ಇಬ್ಬರು ಔಷಧಿಯವರಿಂದಲೂ ಬಂದಿತ್ತು. ಮತ್ತೊಂದು, ಆ ಮೂರೂ ಪತ್ರಗಳ ಮೇಲೆ ಸಂಸ್ಥೆಯೊಳಗೆ ಓಡಾಡಿದ ಟಿಪ್ಪಣಿ. ಕೆಳಗೆ ಋತುಪರ್ಣ ಗಲಗಲಿಯ ಹೆಸರು. ‘ತೆಲ್ವಾಡಿನ್‌ನಂಥ ಅಪರೂಪದ ಪದಗಳಿಗಾಗಿ ನಕ್ಷೆ ಒಡೆಯುವುದು ಬೇಡ. ಬಳಸುವವರು ನಿಧಾನವಾಗಿ ಹೊಂದಿಕೊಳ್ಳುತ್ತಾರೆ.’

ಇಂದುಮತಿ ಅದನ್ನು ಅಚ್ಚುಹಾಕಿಸಿಕೊಂಡು ಮನೆಗೆ ಹೋದಳು. ಕಸ್ತೂರಿ ನಿಂತುಕೊಂಡೇ ಓದಿದಳು. ಓದಿ, ತನ್ನ ಪತ್ರದ ಮೇಲೆ ಕೈಯಾಡಿಸಿ, “ನಾ ಸುಳ್ಳು ಹೇಳಿದ್ದಿಲ್ಲ ನೋಡು” ಎಂದಳು. ಯಾರೋ ಇನ್ನೂ ನಂಬಿಲ್ಲವೇನೋ ಎಂಬಂತಿತ್ತು ಆ ದನಿ. ತಾನೇ ತನ್ನನ್ನು ನಂಬುವುದನ್ನು ಅಕ್ಕ ಬಿಟ್ಟುಬಿಟ್ಟಿದ್ದಳೆಂದು ಇಂದುಮತಿಗೆ ಆಗಲೇ ತಿಳಿದದ್ದು. ಅವಳ ಸಿಟ್ಟಿಗೆ ಅದುವರೆಗೂ ಒಂದು ತಳ ಇತ್ತು. ಆ ದಿನ ಅದೂ ಹೋಯಿತು.

ಮೊಕದ್ದಮೆ ಮತ್ತೆ ತೆರೆಯಿತು. ವಿಚಾರಣೆಯ ದಿನ ಇಂದುಮತಿ ಸಮಿತಿಯ ಲಿಪಿತಜ್ಞೆಯಾಗಿ ಸಾಕ್ಷಿ ನಿಂತು ಒಂದೇ ಒಂದು ಕೋರಿಕೆ ಇಟ್ಟಳು. “ಸ್ವಾಮಿ, ನಾನು ಹುಡುಕಿದರೆ ನಾನೇ ಸೃಷ್ಟಿಸಿದೆ ಅನ್ನಬಹುದು. ಗಲಗಲಿಯವರೇ ತಮ್ಮ ಕೈಯಿಂದ ಹುಡುಕಲಿ.”

ನ್ಯಾಯಾಧೀಶರು ಒಪ್ಪಿದರು. ಗಲಗಲಿ ಕೀಲಿಮಣೆಯ ಮುಂದೆ ಕೂತ. ಅವಗ್ರಹ ಎಲ್ಲಿದೆಯೆಂದು ಅವನಿಗೆ ಸಿಗಲಿಲ್ಲ.

“ಬಲಗಡೆ ಮೂಲ್ಯಾಗ” ಎಂದಳು ಇಂದುಮತಿ.

ಅವನು ಬರೆದ. ಹನ್ನೊಂದು ಉತ್ತರ ಪರದೆಯ ಮೇಲೆ ಎದ್ದವು. ಆ ಟಿಪ್ಪಣಿಯನ್ನು ಗಟ್ಟಿಯಾಗಿ ಓದಬೇಕೆಂದು ನ್ಯಾಯಾಧೀಶರು ಹೇಳಿದರು. ‘ಹೊಂದಿಕೊಳ್ಳುತ್ತಾರೆ’ ಎಂಬಲ್ಲಿ ಓದುವುದನ್ನು ನಿಲ್ಲಿಸಿದ. ನೀರು ಕೇಳಿದ. ಇಂದುಮತಿ ಅವನು ನೀರು ಕುಡಿದು ಮುಗಿಸುವವರೆಗೂ ಕಣ್ಣು ಮಿಟುಕಿಸದೆ ನೋಡಿದಳು. ಆಗ ಅವನು ತಲೆಯೆತ್ತಿ ಅವಳನ್ನು, ಅವಳ ಪಕ್ಕದ ಕಸ್ತೂರಿಯನ್ನು, ಮತ್ತೆ ಅವಳನ್ನು ನೋಡಿದ. ಒಂದೇ ಮೂಗು, ಒಂದೇ ಗಲ್ಲ. ಇಷ್ಟು ದಿನ ಎದುರಿಗಿದ್ದದ್ದು ಯಾರೆಂದು ಅವನಿಗೆ ಹೊಳೆದದ್ದು ಅವಳಿಗೆ ಕಂಡಿತು. ಎಂಟು ವರ್ಷದಲ್ಲಿ ಅಷ್ಟು ಸುಖದ ಗಳಿಗೆ ಅವಳಿಗೆ ಬಂದಿರಲಿಲ್ಲ.

ಕಸ್ತೂರಿ ನಿರ್ದೋಷಿಯೆಂದು ತೀರ್ಪಾಯಿತು. ಪರವಾನಗಿ ವಾಪಸಾಯಿತು. ಸಂಸ್ಥೆ ಗಲಗಲಿಯನ್ನು ಹೊರಹಾಕಿತು. ಸುಳ್ಳು ಸಾಕ್ಷಿಗೆ ಒಂದು ವರ್ಷ ಸಜೆ ಎಂದರೂ, ವಯಸ್ಸು, ಹೃದಯದ ಕಾಯಿಲೆ ನೋಡಿ ಅದನ್ನು ಅಮಾನತಿನಲ್ಲಿಟ್ಟರು. ಅವನು ಆ ದಿನವೂ ಮೆಟ್ಟಿಲಿಳಿದು ಕಾರು ಹತ್ತಿ ಮನೆಗೆ ಹೋದ.

ಎರಡು ತಿಂಗಳಿಗೆ ಸಮಿತಿಯ ಮುಂದೆ ಅವನ ಅರ್ಜಿ ಬಂತು. ಸಂಕಟದಲ್ಲಿರುವವರು ತಮ್ಮ ಹೆಸರನ್ನು ಕಟ್ಟಿ ಹುಡುಕುವುದರಿಂದ ಹೊರಗಿಡಲು ಕೇಳಿಕೊಳ್ಳಬಹುದೆಂದು ನಿಯಮವಿತ್ತು. ಅದಕ್ಕೆ ಸಮಿತಿಯ ಎಲ್ಲರೂ ಒಪ್ಪಬೇಕು. ತನ್ನಂಥ ಹೆಸರಿನವನು ನಾಡಿಗೆ ಒಬ್ಬನೇ, ಎಲ್ಲಿ ಹೋದರೂ ಜನ ಕಟ್ಟಿ ಹುಡುಕಿ ಬೆರಳು ತೋರಿಸುತ್ತಾರೆ, ನಾಗರಿಕ ದಾಖಲೆಯಲ್ಲಿ ಮನೆಯ ವಿಳಾಸವೂ ಸಿಗುತ್ತದೆ, ಹೆಸರನ್ನು ಹಳೆಯ ಪದ್ಧತಿಯಂತೆ ಪಕ್ಕದ ಹೆಸರುಗಳೊಳಗೆ ಸೇರಿಸಿಬಿಡಿ ಎಂದು ಬರೆದಿದ್ದ.

ಕಸ್ತೂರಿಗೆ ಅದು ಹೇಗೋ ಗೊತ್ತಾಗಿತ್ತು. “ಒಪ್ಪಿಗೊಂಡಬಿಡು ಇಂದೂ. ನನಗ ಸಿಗಬೇಕಾದ್ದು ಸಿಕ್ಕೈತಿ. ಮುದುಕ ಅದಾನ.”

“ನಿನಗ ಸಿಕ್ಕೈತಿ” ಎಂದಳು ಇಂದುಮತಿ. “ನನಗ ಸಿಕ್ಕಿಲ್ಲ.”

ಸಭೆಯಲ್ಲಿ ನಾಲ್ಕು ಜನ ಒಪ್ಪಿದರು. ಗಲಗಲಿಯ ಜಾಗಕ್ಕೆ ಸಂಸ್ಥೆ ಕಳಿಸಿದ್ದ ಹೊಸಬನೂ ಆ ನಾಲ್ವರಲ್ಲಿ ಒಬ್ಬ. ಇಂದುಮತಿ ಒಲ್ಲೆನೆಂದಳು. ಹಂಜಿಯವರು ಕನ್ನಡಕ ತೆಗೆದರು. “ಇಂದುಮತಿಯವರ, ಈ ಅರ್ಜಿ ಮಟ್ಟಿಗೆ ನೀವು ದೂರ ಇರೂದು ಛಲೋ ಅನಸ್ತೈತಿ ನನಗ.”

“ಹಂಗಂತ ನಿಯಮದಾಗ ಎಲ್ಲೂ ಬರದಿಲ್ರಿ. ಬೇಕಾದ್ರ ಕಟ್ಟಿ ಹುಡುಕಿ ನೋಡ್ರಿ.”

ಅರ್ಜಿ ತಿರಸ್ಕಾರವಾಯಿತು.

ಆ ವಾರವೇ ಕಸ್ತೂರಿ, ಫಕೀರವ್ವನ ಮನೆಗೆ ಹೋಗಿ ಬರಬೇಕು ಎಂದು ಹಟ ಹಿಡಿದಳು. ತೀರ್ಪಿನ ಪ್ರತಿಯನ್ನು ತಾನೇ ಕೈಯಾರೆ ಕೊಡಬೇಕಂತೆ. ಇಂದುಮತಿಯೂ ಜೊತೆಗೆ ಹೋದಳು. ದ್ಯಾಮಣ್ಣ ಮೊದಲು ಬಸ್ಸಿನ ಡ್ರೈವರನಾಗಿದ್ದವನು. ಡ್ರೈವರಿಲ್ಲದ ಬಸ್ಸು ಬಂದ ಮೇಲೆ ಅದೇ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಮತ್ತೊಂದು ಮದುವೆಯಾಗಿರಲಿಲ್ಲ. ಕಸ್ತೂರಿಯನ್ನು ಕಂಡು ಬಾಗಿಲಲ್ಲೇ ನಿಂತ.

ಅವಳು ಕಾಗದ ಚಾಚಿದಳು. ಅವನು ಹೊಸ್ತಿಲ ಮೇಲೆ ಕೂತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ. ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಎದ್ದು ಕಸ್ತೂರಿಯ ಕಾಲು ಮುಟ್ಟಲು ಬಗ್ಗಿದ.

“ಬ್ಯಾಡ ಬ್ಯಾಡ ಯಣ್ಣಾ” ಎಂದು ಅವಳು ಹಿಂದೆ ಸರಿದಳು. “ಔಷಧಿ ಕೊಟ್ಟಿದ್ದು ಈ ಕೈನ. ಪ್ರಮಾಣದ ಪುಸ್ತಕ ಕಪಾಟಿನ್ಯಾಗ ಇತ್ತು. ತಗದು ನೋಡಬೇಕಿತ್ತು ನಾ. ಪತ್ರ ಹಾಕೀನಲ್ಲ, ತಿದ್ದಿರ್ತಾರ ಅಂತ ತಿಳಕೊಂಡು ನೋಡಲಿಲ್ಲ.”

“ನೀವು ಮೊದಲ ಅವರಿಗೆ ಹೇಳಿದ್ರಿ” ಎಂದ ದ್ಯಾಮಣ್ಣ. “ಇದ್ರಾಗ ಬರದೈತಿ. ನೀವು ಹೇಳಿದ್ರಿ, ಅವ ಕೇಳಲಿಲ್ಲ.” ಆಮೇಲೆ ಇಂದುಮತಿಯ ಕಡೆ ತಿರುಗಿದ. “ಅವನ ಮನಿ ಎಲ್ಲೈತ್ರಿ?”

ಇಂದುಮತಿಗೆ ಗೊತ್ತಿತ್ತು, ಬೀದಿ, ಮನೆಯ ಅಂಕಿ, ಗೇಟಿನ ಬಣ್ಣ ಸಹ.

ಅವನು ಕಾಯಲಿಲ್ಲ. ಜೇಬಿನಿಂದ ಫೋನು ತೆಗೆದು ಬಾಯಿಯ ಹತ್ತಿರ ಹಿಡಿದು, ಕಾಗದದಲ್ಲಿದ್ದದ್ದನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿದ. “ಕಟ್ಟಿ ಹುಡುಕು. ಋತುಪರ್ಣ ಗಲಗಲಿ.”

ಒಂದೇ ಉತ್ತರ ಬಂತು. ಕಸ್ತೂರಿ ತಂಗಿಯ ತೋಳು ಹಿಡಿದು ಜಗ್ಗಿದಳು, ಏನಾದರೂ ಹೇಳು ಎಂಬಂತೆ. ಇಂದುಮತಿ ತೋಳು ಬಿಡಿಸಿಕೊಂಡಳು.

ದ್ಯಾಮಣ್ಣ ಹೊಡೆಯಲಿಲ್ಲ, ಬೈಯಲಿಲ್ಲ. ಮಾರನೆಯ ದಿನದಿಂದ, ಡಿಪೋದ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಧಾರವಾಡಕ್ಕೆ ಬಂದು, ಗಲಗಲಿಯ ಗೇಟಿನ ಎದುರು ರಸ್ತೆಯಾಚೆಯ ಕಟ್ಟೆಯ ಮೇಲೆ ಹೆಂಡತಿಯ ಫೋಟೋ ತೊಡೆಯ ಮೇಲಿಟ್ಟುಕೊಂಡು ಕೂರತೊಡಗಿದ. ಸಂಜೆಯ ಬಸ್ಸಿಗೆ ಎದ್ದು ಹೋಗುತ್ತಿದ್ದ. ಪೊಲೀಸರು ಬಂದು ನೋಡಿದರು. ರಸ್ತೆಬದಿ ಕೂರುವುದು ಅಪರಾಧವಲ್ಲವೆಂದು ಹಿಂತಿರುಗಿದರು. ಮೂರು ತಿಂಗಳಿಗೆ ಗಲಗಲಿ ಮನೆ ಬದಲಿಸಿ ಹುಬ್ಬಳ್ಳಿಗೆ ಹೋದ. ನಾಲ್ಕನೆಯ ದಿನ ದ್ಯಾಮಣ್ಣ ಅಲ್ಲಿ ಕೂತಿದ್ದ. ಗಲಗಲಿ ಅಲ್ಲಿಂದ ಬೆಳಗಾವಿಗೆ ಹೋದ. ಅಷ್ಟು ದೂರ ದಿನಾ ಬರಲಾಗದೆ ದ್ಯಾಮಣ್ಣ ವಾರದ ರಜೆಗೆ ಬಂದ, ತಪ್ಪದೆ ಬಂದ.

ಕಸ್ತೂರಿ ಆ ಹೊತ್ತಿಗೆ ಬೇರೊಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಊಟದ ಹೊತ್ತಿಗೆ ಒಮ್ಮೊಮ್ಮೆ, “ಅವರಿಗೆ ಹೇಳು ಇಂದೂ, ಸಾಕಂತ. ನೀ ಹೇಳಿದ್ರ ಕೇಳತಾರ” ಎನ್ನುತ್ತಿದ್ದಳು. ಇಂದುಮತಿ ಅನ್ನ ಕಲಸುತ್ತ ಹೂಂ ಎನ್ನುತ್ತಿದ್ದಳು. ಹೇಳಲಿಲ್ಲ.

ಒಂದು ದಿನ ಪ್ರಯೋಗಾಲಯಕ್ಕೆ ಗಲಗಲಿಯ ಹೆಂಡತಿ ಬಂದರು. ತೆಳ್ಳಗಿನ ಹೆಂಗಸು, ನೀಟಾಗಿ ಉಟ್ಟ ಇಳಕಲ್ ಸೀರೆ. ಕೂರಲಿಲ್ಲ.

“ಅವರು ಈಗ ಕಿಟಕಿ ಹತ್ತರ ಹೋಗೂದಿಲ್ಲ ತಂಗೀ. ಊಟ ಬಿಟ್ಟಾರ. ಮನಿ ಬದಲಿಸಿದ್ವಿ, ಊರು ಬದಲಿಸಿದ್ವಿ. ಆ ಮನುಷ್ಯಾ ಏನೂ ಅನ್ನೂದಿಲ್ಲ, ಬರೇ ಕೂಡತಾನ. ನೀವು ಆ ಅರ್ಜಿಗೆ ಒಂದು ಸಹಿ ಹಾಕಿದ್ರ ನಮಗ ಎಲ್ಲೆರ ಬದುಕಾಕ ಬರತದ. ಹೆಸರೊಂದು ಸ್ವಲ್ಪ ಮಸಕು ಆದರ ಸಾಕು. ಯಂತ್ರ ಮಾಡಿದ ತಪ್ಪಿಗೆ ನಾವು ಹಿಂಗ...”

ಇಂದುಮತಿ ಎದ್ದು ಅವರಿಗೆ ಕುರ್ಚಿ ಸರಿಸಿಕೊಟ್ಟಳು. ಒಂದು ಲೋಟ ನೀರು ತಂದಿಟ್ಟಳು. ಆ ಮುಖದಲ್ಲಿದ್ದ ದಣಿವು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕ ಜೈಲಿನಿಂದ ಬಂದ ಮೇಲೆ ವರ್ಷಗಟ್ಟಲೆ ದಿನಾ ಅದರ ಎದುರು ಕೂತು ಉಂಡಿದ್ದಳು. ಒಂದು ಗಳಿಗೆ ಅವಳ ಕೈ ಪೆನ್ನಿನ ಕಡೆಗೂ ಹೋಯಿತು. ಅಲ್ಲೇ ನಿಂತಿತು.

“ಯಂತ್ರದ್ದು ಏನೂ ತಪ್ಪಿಲ್ರಿ ಅಕ್ಕಾರ” ಎಂದಳು. “ದ್ಯಾಮಣ್ಣ ಹುಡುಕಿದ್ದು ಬರೋಬರಿ ಮನುಷ್ಯಾನ್ನ.”